ಹಳೆ ಮಾರುತಿಯ ಬಂಪರ್ ಬೋಲ್ಟ್ ಕಟ್ ಆದಾಗ

ಹಳೆ ಮಾರುತಿ 800ನ ಬಂಪರ್ ಬಿಚ್ಚೋಕೆ ಕೂತರೆ ಒಂದಾದರೂ ಬೋಲ್ಟ್ ಕೈ ಕೊಡುತ್ತದೆ. ಕಾರು ಮಂಗಳೂರು, ಉಡುಪಿ ಕಡೆಯದ್ದಾದರೆ ಕೇಳೋದೇ ಬೇಡ. ಉಪ್ಪುಗಾಳಿ, ಮಳೆಗಾಲದ ಕೆಸರು ಎಲ್ಲ ಸೇರಿ ಚಕ್ರದ ಪಕ್ಕದ ಬೋಲ್ಟುಗಳು ತುಕ್ಕು ಹಿಡಿದು ಜಾಮ್ ಆಗಿರುತ್ತವೆ.

ಇಲ್ಲಿ ಉಳಿಸಿಕೊಳ್ಳಬೇಕಾದ್ದು ಬೋಲ್ಟನ್ನಲ್ಲ, ಅದರ ಹಿಂದೆ ಕಾರಿನ ತಗಡಿಗೆ ವೆಲ್ಡ್ ಮಾಡಿರುವ ನಟ್ಟನ್ನು. ಬೋಲ್ಟ್ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತೆ. ನಟ್ ಕಿತ್ತುಕೊಂಡು ಒಳಗೇ ಸುತ್ತೋಕೆ ಶುರುವಾಯ್ತೋ, ಕೆಲಸ ಎರಡರಷ್ಟು.

ಇನ್ನೂ ಕಟ್ ಆಗದ ಬೋಲ್ಟುಗಳಿಗೆ ವೈರ್ ಬ್ರಷ್ ಹಾಕಿ, ಮಣ್ಣು ತೆಗೆದು, ಡಬ್ಲ್ಯೂಡಿ-40 ತರದ ತುಕ್ಕು ಸಡಿಲಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಡಿ. ಬೋಲ್ಟಿನ ತಲೆಗೆ ಹೊಡೆದರೆ ಸಾಲದು, ಹಿಂದಿನಿಂದ ಥ್ರೆಡ್ (ಬೋಲ್ಟಿನ ಸುರುಳಿ ಗೆರೆಗಳು) ಕಾಣುತ್ತಿದ್ದರೆ ಅಲ್ಲಿಗೇ ಹೊಡೆಯಿರಿ. ಆರು ಮೂಲೆಯ ಸಾಕೆಟ್ ಬಳಸಿ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ, ಮತ್ತೆ ಬಿಗಿ, ಮತ್ತೆ ಸಡಿಲ. ಸುಮ್ನೆ ಉದ್ದದ ಪೈಪ್ ಹಾಕಿ ಎಳೆದರೆ ತಲೆ ಕೈಗೆ ಬರುತ್ತೆ, ಅಷ್ಟೇ.

ಕಟ್ ಆಗೇ ಹೋಯ್ತಾ? ತುಂಡು ಸ್ವಲ್ಪ ಹೊರಗಿದ್ದರೆ ವೈಸ್ ಗ್ರಿಪ್‌ನಲ್ಲಿ (ಲಾಕ್ ಆಗುವ ಇಕ್ಕಳ) ಕಚ್ಚಿ ಹಿಡಿದು ತಿರುಗಿಸಿ. ಜಗ್ಗದಿದ್ದರೆ ಅದರ ಮೇಲೊಂದು ನಟ್ ಇಟ್ಟು ವೆಲ್ಡ್ ಮಾಡಿಸಿ. ವೆಲ್ಡಿಂಗ್ ಕಾವಿಗೇ ತುಕ್ಕಿನ ಹಿಡಿತ ಬಿಡುತ್ತೆ, ಹಿಡಿಯೋಕೆ ಹೊಸ ತಲೆಯೂ ಸಿಗುತ್ತೆ. ಅದಕ್ಕೂ ಮುಂಚೆ ಪ್ಲಾಸ್ಟಿಕ್ ಬಂಪರನ್ನು ಪೂರ್ತಿ ಕೆಳಗಿಳಿಸಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಹತ್ತಿರದ ವೈರುಗಳನ್ನು ಸರಿಸಿ. ಹಿಂದಿನ ಬಂಪರ್ ಆದರೆ ಪೆಟ್ರೋಲ್ ಟ್ಯಾಂಕ್ ಹತ್ತಿರದಲ್ಲೇ ಇರುತ್ತೆ, ಅಲ್ಲಿ ಬೆಂಕಿ ಕೆಲಸ ನೀವಾಗಿ ಮಾಡಲೇಬೇಡಿ.

ಒಳಗೇ ಮುರಿದಿದ್ದರೆ ಡ್ರಿಲ್ ಮಾಡಬೇಕು. ಎಲ್ಲರೂ ಅವಸರ ಮಾಡೋದು ಇಲ್ಲೇ. ತುಂಡಿನ ಮುಖವನ್ನು ಅರದಿಂದ ಸಮ ಮಾಡಿ, ಸರಿಯಾಗಿ ನಡುವೆ ಸೆಂಟರ್ ಪಂಚ್ (ಗುಳಿ ಬೀಳಿಸುವ ಚೂಪು ಉಳಿ) ಹೊಡೆಯಿರಿ. ಪಂಚ್ ಪಕ್ಕಕ್ಕೆ ಹೋದರೆ ಡ್ರಿಲ್ ನಟ್ಟಿನ ಥ್ರೆಡ್ಡನ್ನೇ ತಿನ್ನುತ್ತೆ. 3 ಮಿ.ಮೀ. ಬಿಟ್‌ನಲ್ಲಿ ಶುರು ಮಾಡಿ, ನಿಧಾನ ವೇಗ, ಆಗಾಗ ಒಂದು ಹನಿ ಎಣ್ಣೆ. ಲೋಹ ಸುರುಳಿ ಸುರುಳಿಯಾಗಿ ಬರುತ್ತಿದ್ದರೆ ಬಿಟ್ ಕೊರೀತಿದೆ ಅಂತ. ಪುಡಿ, ಹೊಗೆ, ಕೀರಲು ಸದ್ದು ಬಂದರೆ ಬಿಟ್ ಮೊಂಡಾಗಿದೆ, ಬದಲಾಯಿಸಿ. ಆಮೇಲೆ ಎಂ6 (6 ಮಿ.ಮೀ. ದಪ್ಪದ) ಬೋಲ್ಟ್‌ಗೆ 5, ಎಂ8ಗೆ (8 ಮಿ.ಮೀ.) 6.8 ಮಿ.ಮೀ. ತನಕ ತೂತು ಹಿಗ್ಗಿಸಿ ಟ್ಯಾಪ್ (ಥ್ರೆಡ್ ಕೊರೆಯುವ ಸಾಧನ) ಹಾಕಿ. ಟ್ಯಾಪನ್ನು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತಾ ಹೋಗಿ. ಕಣ್ಣಿಗೆ ಕನ್ನಡಕ ಇರಲಿ, ಚೂರು ಹಾರುತ್ತೆ.

ಈಸಿ ಔಟ್ (ತುಂಡಿನ ತೂತಿಗೆ ಕಚ್ಚಿಸಿ ಎಡಕ್ಕೆ ತಿರುಗಿಸಿ ಎಳೆಯುವ ಸಾಧನ) ಬಳಸಿ ಅಂತ ಸಾಕಷ್ಟು ಜನ ಹೇಳ್ತಾರೆ. ಎಂ6 ತರದ ಸಣ್ಣ ಬೋಲ್ಟ್‌ಗೆ ನನಗಂತೂ ಅದರ ಮೇಲೆ ನಂಬಿಕೆ ಇಲ್ಲ. ಅದು ಗಟ್ಟಿ ಉಕ್ಕು, ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಬಿಟ್ ಅದಕ್ಕೆ ತಾಗೋದೇ ಇಲ್ಲ. ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಸಿಕ್ಕರೆ ಅದು ವಾಸಿ, ಕೊರೆಯುವಾಗಲೇ ಎಷ್ಟೋ ಸಲ ತುಂಡು ತಾನಾಗಿ ತಿರುಗಿ ಆಚೆ ಬರುತ್ತೆ.

ನಟ್ಟೇ ಹೋಗಿದ್ದರೆ ರಿವೆಟ್ ನಟ್ (ತಗಡಿನ ತೂತಿಗೆ ತೂರಿಸಿ ಒತ್ತಿ ಕೂರಿಸುವ ನಟ್) ಹಾಕಬಹುದು, ಎಂ6ಗೆ ಸಾಮಾನ್ಯವಾಗಿ 9 ಮಿ.ಮೀ. ತೂತು ಬೇಕು. ಸುತ್ತಲಿನ ತಗಡು ಗಟ್ಟಿ ಇದ್ದರೆ ಮಾತ್ರ. ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತಿದ್ದರೆ ಟಿಂಕರ್ ಹತ್ತಿರ ಹೊಸ ತಗಡು ಹಾಕಿಸೋದೇ ಗತಿ.

ಹೊಸ ಬೋಲ್ಟ್ ತಲೆ ಮೇಲೆ 8.8 ಅನ್ನೋ ಗಟ್ಟಿತನದ ಗುರುತು ಇರಲಿ. ಮಾರುತಿಯ ಎಂ6 ಬೋಲ್ಟ್‌ಗೆ ಥ್ರೆಡ್ ಅಂತರ 1.0 ಮಿ.ಮೀ., ಎಂ8ಗೆ 1.25. ಗುಜರಿ ಡಬ್ಬಿಯಿಂದ ಯಾವುದೋ ಒಂದನ್ನು ತುರುಕಬೇಡಿ. ಥ್ರೆಡ್‌ಗೆ ಸ್ವಲ್ಪ ಕಾಪರ್ ಗ್ರೀಸ್ ಹಚ್ಚಿ, ಎಲ್ಲವನ್ನೂ ಮೊದಲು ಬರಿಗೈಯಲ್ಲೇ ಕೂರಿಸಿ. ಎರಡೂ ಕಡೆಯ ಸಂದು ಸಮ ಇದೆಯಾ, ಇಂಡಿಕೇಟರ್ ವೈರ್ ಸಿಕ್ಕಿಹಾಕಿಕೊಂಡಿಲ್ಲ ತಾನೆ ಅಂತ ನೋಡಿ, ಆಮೇಲೆ ಬಿಗಿ ಮಾಡಿ.