ಹಡಗಿನಲ್ಲಿ ಹತ್ತೊಂಬತ್ತು ಎಲೆ

ಅತ್ತೆ-ಮಾವನ ಮದುವೆಗೆ 50 ವರ್ಷ ತುಂಬಿತು. ತುಮಕೂರಿನಲ್ಲೇ ಛತ್ರ ಹಿಡಿದು ಊಟ ಹಾಕಿಸೋಣ ಅಂತ ಮೊದಲು ಮಾತಾಯಿತು. ಆಮೇಲೆ ಮಕ್ಕಳೆಲ್ಲ ಸೇರಿ ಕ್ರೂಸ್, ಅಂದರೆ ಹಡಗಿನ ಪ್ರವಾಸ, ಅಂದರು. ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ನೋಡಿಕೊಂಡು ವಾಪಸ್, ನಾಲ್ಕು ರಾತ್ರಿ. ನಾವು 19 ಜನ. ಟಿಕೆಟ್ಟು, ವೀಸಾ ಮೈದುನ ನೋಡಿಕೊಂಡರು. ಊಟದ ಹೊಣೆ ನಾನು ಹೊತ್ತುಕೊಂಡೆ.

ನನಗಿದ್ದ ಆಸೆ ಒಂದೇ. ದಿನಕ್ಕೆ ಒಂದು ಹೊತ್ತಾದರೂ ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕು. ನಮ್ಮಲ್ಲಿ ಹಬ್ಬಕ್ಕೆ ಎಷ್ಟು ಜನ ಸೇರಿದರೂ ಗಂಡಸರು, ಮಕ್ಕಳು ಮೊದಲ ಪಂಕ್ತಿ. ಬಡಿಸುವವರು ಕೊನೇ ಪಂಕ್ತಿ. ನಾನು ಸೊಸೆಯಾಗಿ ಬಂದು 20 ವರ್ಷವಾಯಿತು. ಅತ್ತೆ ಮಾವನ ಪಕ್ಕ ಕೂತು ಬಿಸಿ ಊಟ ಮಾಡಿದ್ದನ್ನು ಒಂದು ದಿನವೂ ನೋಡಿರಲಿಲ್ಲ.

ಹಡಗಿನಲ್ಲಿ ಬಫೆ ಇರುತ್ತದೆ, ವೇಟರ್‌ಗಳು ಬಡಿಸುವ ದೊಡ್ಡ ಡೈನಿಂಗ್ ಹಾಲ್ ಕೂಡ ಇರುತ್ತದೆ. ಎರಡೂ ಟಿಕೆಟ್ ದುಡ್ಡಿನಲ್ಲೇ ಸೇರಿವೆ. ಬಫೆಯಲ್ಲಿ 19 ಜನಕ್ಕೆ ಒಂದೇ ಕಡೆ ಜಾಗ ಸಿಗುವುದಿಲ್ಲ. ಹಾಗಾಗಿ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಅವರವರ ಇಷ್ಟ ಅಂತ ಬಿಟ್ಟೆವು. ರಾತ್ರಿ ಮಾತ್ರ ಹಾಲಿನಲ್ಲಿ, ತಪ್ಪಿಸುವ ಹಾಗಿಲ್ಲ.

ಹಾಲಿನಲ್ಲಿ ಯಾವಾಗ ಬೇಕಾದರೂ ಬನ್ನಿ ಅನ್ನುವ ಪದ್ಧತಿಯೂ ಇದೆ, ಹೊತ್ತು ಗೊತ್ತುಮಾಡಿದ ಪಂಕ್ತಿಯೂ ಇದೆ. ದೊಡ್ಡ ಕುಟುಂಬಕ್ಕೆ ಎರಡನೆಯದೇ ಸರಿ. ದಿನಾ ಅದೇ ಟೇಬಲ್, ಅದೇ ವೇಟರ್. ಸಂಜೆ ಐದೂವರೆ-ಆರಕ್ಕೆ ಒಂದು ಪಂಕ್ತಿ, ಎಂಟರ ಹೊತ್ತಿಗೆ ಇನ್ನೊಂದು. ವಯಸ್ಸಾದವರಿದ್ದಾರೆ, ಬೇಗ ತಗೊಳ್ಳಿ ಅಂತ ಎಲ್ಲರೂ ಹೇಳಿದರು. ಆದರೆ ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಐದೂವರೆ ಅಂದರೆ ನಮ್ಮ ಹೊಟ್ಟೆಗೆ ಮಧ್ಯಾಹ್ನ ಮೂರು ಗಂಟೆ ಅಲ್ವಾ? ಎಂಟರದ್ದನ್ನೇ ತಗೊಂಡೆವು. ಚಿಕ್ಕ ಮಕ್ಕಳಿಗೆ ಮಾತ್ರ ಏಳಕ್ಕೇ ಬಫೆಯಲ್ಲಿ ಸ್ವಲ್ಪ ತಿನ್ನಿಸಿ ಕರೆತರುತ್ತಿದ್ದೆವು.

ಇಷ್ಟೆಲ್ಲ ಮಾಡಿಯೂ ಮೊದಲ ರಾತ್ರಿ ಎಡವಟ್ಟಾಯಿತು. ನಮ್ಮದು ಆರು ರೂಮು, ಆರು ಬುಕಿಂಗ್ ನಂಬರ್. ಅವನ್ನೆಲ್ಲ ಒಂದಕ್ಕೊಂದು ಜೋಡಿಸಿದರೆ ಮಾತ್ರ ಟೇಬಲ್ ಒಟ್ಟಿಗೆ ಸಿಗುತ್ತದೆ. ಒಂದು ನಂಬರ್ ಬಿಟ್ಟುಹೋಗಿತ್ತು. ನಾದಿನಿ ಮನೆಯ ನಾಲ್ವರು ಹಾಲಿನ ಆ ತುದಿಯಲ್ಲಿ, ನಾವು ಈ ತುದಿಯಲ್ಲಿ. ಅತ್ತೆಗೆ ಅನ್ನ ಸೇರಲಿಲ್ಲ. ತಿರುಗಿ ತಿರುಗಿ ಮಗಳ ಕಡೆಗೇ ನೋಡುತ್ತಿದ್ದರು. ಊಟ ಮುಗಿದ ಮೇಲೆ ಹೆಡ್ ವೇಟರ್ ಹತ್ತಿರ ಹೋಗಿ ರೂಮ್ ನಂಬರ್‌ಗಳ ಚೀಟಿ ಕೊಟ್ಟೆ. ಮಾರನೇ ದಿನ ಅಕ್ಕಪಕ್ಕ ಎರಡು ದುಂಡು ಟೇಬಲ್ ಸಿಕ್ಕವು. ನೀವು ಹೋದರೆ ಹಡಗು ಹತ್ತಿದ ಮಧ್ಯಾಹ್ನವೇ ಈ ಕೆಲಸ ಮುಗಿಸಿಕೊಳ್ಳಿ.

ವೆಜ್ ಅಂದರೆ ಸಾಲದು. ಮೊಟ್ಟೆ ಬೇಡ, ಮೀನಿನ ಸಾಸ್ ಬೇಡ ಅಂತ ಬಿಡಿಸಿ ಹೇಳಬೇಕು. ನಮ್ಮ ಕಡೆಯ ಪಲ್ಯ, ದಾಲ್ ಬೇಕಿದ್ದರೆ ಹಿಂದಿನ ರಾತ್ರಿಯೇ ಹೇಳಿಡುತ್ತಿದ್ದೆ. ಮನೆಯಲ್ಲಿ ಮಾಡಿದ ತಿಂಡಿ ಬಿಡುವುದಿಲ್ಲ ಅಂದಿದ್ದರು. ಅದಕ್ಕೆ ಚಟ್ನಿಪುಡಿ, ಕೋಡುಬಳೆಯ ಸೀಲ್ ಮಾಡಿದ ಪ್ಯಾಕೆಟ್‌ಗಳನ್ನೇ ಅಂಗಡಿಯಿಂದ ತಂದಿದ್ದೆವು. ಮಾವ ಬಿಸಿ ಅನ್ನದ ನಡುವೆ ಬೆರಳಲ್ಲಿ ಗುಳಿ ಮಾಡಿ, ಚಟ್ನಿಪುಡಿ ಸುರಿದು, ಬೆಣ್ಣೆಯ ಚಿಕ್ಕ ಪೊಟ್ಟಣ ಒಡೆದು ಹಾಕಿಕೊಂಡರು. ಬೆಣ್ಣೆ ಕರಗುವವರೆಗೂ ಕಾದು ಕಲಸಿದರು. ವೇಟರ್ ನಿಂತು ನೋಡಿ, ಮಾರನೇ ದಿನದಿಂದ ಕೇಳದೆಯೇ ಎರಡು ಪೊಟ್ಟಣ ತಂದಿಡುತ್ತಿದ್ದ.

ಕೂರಿಸುವುದರಲ್ಲಿ ಒಂದು ನಿಯಮ ಮಾಡಿದೆ. ಒಂದೇ ಮನೆಯವರು ಒಟ್ಟಿಗೆ ಕೂರುವಂತಿಲ್ಲ, ಅತ್ತೆ-ಮಾವನನ್ನು ಬಿಟ್ಟು. ಅವರಿಬ್ಬರೂ ದಿನಾ ಪಕ್ಕಪಕ್ಕ. ಮೊದಲೆರಡು ದಿನ ಅತ್ತೆ ಮಾವನಿಗೆ ಬಡಿಸಲು ಏಳುತ್ತಲೇ ಇದ್ದರು. "ಕೂತ್ಕೊಳ್ಳಿ ಅತ್ತೆ, ಅವರು ತರ್ತಾರೆ" ಅಂತ ನಾನು ಕೈ ಹಿಡಿಯುತ್ತಿದ್ದೆ. "ಸುಮ್ನೆ ಕೂತು ಉಣ್ಣೋದು ಹೆಂಗಮ್ಮ?" ಅನ್ನುತ್ತಿದ್ದರು.

ಕೊನೇ ರಾತ್ರಿ ಅತ್ತೆ ಏಳಲಿಲ್ಲ. ಐಸ್ ಕ್ರೀಮ್ ಮುಗಿಸಿ ವೇಟರ್ ಕಡೆ ತಿರುಗಿ ಎರಡು ಬೆರಳು ತೋರಿಸಿದರು. ಒಂದು ತಮಗೆ, ಒಂದು ಮಾವನಿಗೆ.