ಕೊಡಗಿನಲ್ಲಿ ಕರೆಂಟು ಉಳಿಯುವುದು ಬಚ್ಚಲುಮನೆಯಲ್ಲಿ

ಕರೆಂಟು ಉಳಿಸುವ ಸಲಹೆಗಳು ಹೆಚ್ಚಾಗಿ ಬಯಲುಸೀಮೆಯವರಿಗಾಗಿ ಇರುತ್ತವೆ. ಎಸಿ 24 ಡಿಗ್ರಿಯಲ್ಲಿ ಇಡಿ, ಹಳೆ ಫ್ಯಾನ್ ತೆಗೆದು ಬಿಎಲ್‌ಡಿಸಿ ಫ್ಯಾನ್ ಹಾಕಿ ಎನ್ನುತ್ತಾರೆ. ಒಳ್ಳೆಯ ಸಲಹೆಗಳೇ. ಮಾಮೂಲಿ ಫ್ಯಾನ್ 75 ವ್ಯಾಟ್ ತಿನ್ನುವಲ್ಲಿ ಬಿಎಲ್‌ಡಿಸಿ 30ರ ಆಸುಪಾಸಿನಲ್ಲಿ ಕೆಲಸ ಮುಗಿಸುತ್ತದೆ. ಆದರೆ ನಾಪೋಕ್ಲು ಕಡೆಯ ನಮ್ಮ ಮನೆಯಲ್ಲಿ ಎಸಿ ಇಲ್ಲ. ಫ್ಯಾನ್ ತಿರುಗುವುದು ಮಾರ್ಚ್‌ನಿಂದ ಮೇ ತನಕ. ಹಾಗಿದ್ದೂ ಮನೆಯ ಬಿಲ್ಲು, ಪಕ್ಕದಲ್ಲೇ ನಡೆಸುವ ನಾಲ್ಕು ರೂಮಿನ ಹೋಂಸ್ಟೇ ಬಿಲ್ಲು ಎರಡೂ ಜಾಸ್ತಿ ಬರುತ್ತಿದ್ದವು. ಅದೂ ಮಳೆಗಾಲದಲ್ಲೇ ಜಾಸ್ತಿ. ನಮ್ಮಲ್ಲಿ ಕರೆಂಟು ಹೋಗುವುದು ನೀರು ಕಾಯಿಸುವುದಕ್ಕೆ ಮತ್ತು ತೇವ ಓಡಿಸುವುದಕ್ಕೆ. ಅದನ್ನು ಬಿಟ್ಟು ಬೇರೆ ಕಡೆ ದುಡ್ಡು ಹಾಕಿದರೆ ಬಿಲ್ಲು ಅಲ್ಲಾಡುವುದಿಲ್ಲ.

ಇದು ಗೊತ್ತಾದದ್ದು ಮೀಟರ್ ನೋಡಿ. ಡಿಜಿಟಲ್ ಮೀಟರ್‌ನಲ್ಲಿ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಾ ಇರುತ್ತದೆ, ನೋಡಿರುತ್ತೀರಿ. ಎಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಎಂದು ಮೀಟರ್ ಮೇಲೆಯೇ ಬರೆದಿರುತ್ತದೆ. ನಮ್ಮದರಲ್ಲಿ 3200. ಹಾಗಾಗಿ ನಿಮಿಷಕ್ಕೆ ಒಂದು ಸಲ ಮಿನುಗಿದರೆ ಸುಮಾರು 19 ವ್ಯಾಟ್ ಎಂದು ಲೆಕ್ಕ. 1600 ಎಂದಿದ್ದರೆ ಅದರ ಎರಡರಷ್ಟು. ಉಳಿದೆಲ್ಲ ಆಫ್ ಮಾಡಿ, ಒಂದೊಂದೇ ಸಾಮಾನು ಹಾಕಿ, ಮೊಬೈಲ್‌ನಲ್ಲಿ ಒಂದು ನಿಮಿಷ ಇಟ್ಟು ಎಣಿಸಿದರೆ ಯಾವುದು ಎಷ್ಟು ತಿನ್ನುತ್ತದೆ ಎಂದು ಗೊತ್ತಾಗುತ್ತದೆ. ಖರ್ಚು ಏನೂ ಇಲ್ಲ.

ಲೈಟು, ಫ್ರಿಜ್, ಪಂಪ್ ಎಲ್ಲ ಆಫ್ ಇದ್ದಾಗಲೂ ಮನೆಯ ಮೀಟರ್ ನಿಮಿಷಕ್ಕೆ ಮೂರು ಸಲ ಮಿನುಗುತ್ತಿತ್ತು. ಸೆಟ್‌ಟಾಪ್ ಬಾಕ್ಸ್, ವೈಫೈ ಡಬ್ಬಿ, ರಿಮೋಟ್‌ನಲ್ಲಿ ಆಫ್ ಮಾಡಿದ ಟಿವಿ, ಇನ್ವರ್ಟರ್ ಎಲ್ಲ ಸೇರಿ 56 ವ್ಯಾಟ್. ಸಣ್ಣದು ಎನಿಸುತ್ತದೆ, ಅಲ್ವಾ? ದಿನವಿಡೀ ನಡೆಯುವುದರಿಂದ ತಿಂಗಳಿಗೆ 40 ಯೂನಿಟ್ ಆಗುತ್ತದೆ. ಟಿವಿ ಮತ್ತು ಬಾಕ್ಸ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದೆವು. ಮಲಗುವಾಗ ಅದರ ಸ್ವಿಚ್ ಆಫ್ ಮಾಡುವುದು ಈಗ ಅಭ್ಯಾಸವಾಗಿದೆ.

ಇನ್ನು ಬಿಸಿನೀರು. ನಿಜವಾದ ಉಳಿತಾಯ ಇಲ್ಲೇ ಇದೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಲೆಕ್ಕ ಬಹಳ ಸುಲಭ. ಎಷ್ಟು ಲೀಟರ್ ನೀರು, ಎಷ್ಟು ಡಿಗ್ರಿ ಬಿಸಿ ಮಾಡಬೇಕು, ಎರಡನ್ನೂ ಗುಣಿಸಿ 860ರಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ. ಡಿಸೆಂಬರ್ ಬೆಳಿಗ್ಗೆ ನಮ್ಮ ಟ್ಯಾಂಕಿನ ನೀರು 18 ಡಿಗ್ರಿ ಇತ್ತು. ಸ್ನಾನಕ್ಕೆ 40 ಡಿಗ್ರಿ ಸಾಕು. 20 ಲೀಟರ್ ಬಕೆಟ್‌ನಲ್ಲಿ ಸ್ನಾನ ಮಾಡಿದರೆ ಅರ್ಧ ಯೂನಿಟ್. ಅದೇ ಶವರ್ ಕೆಳಗೆ ನಿಂತರೆ ಕಥೆ ಬೇರೆ. ಹೋಂಸ್ಟೇ ಶವರ್‌ಗಳ ಕೆಳಗೆ ಬಕೆಟ್ ಇಟ್ಟು ಅಳೆದೆ. ನಿಮಿಷಕ್ಕೆ 12 ಲೀಟರ್ ಸುರಿಯುತ್ತಿತ್ತು. ಎಂಟು ನಿಮಿಷದ ಸ್ನಾನಕ್ಕೆ ಸುಮಾರು ಎರಡೂವರೆ ಯೂನಿಟ್! ಕಡಿಮೆ ನೀರು ಬಿಡುವ ಶವರ್ ಹಾಕಿಸಿದ ಮೇಲೆ ನಿಮಿಷಕ್ಕೆ 7 ಲೀಟರ್ ಆಯಿತು. ಗಾಳಿ ಬೆರೆತು ಬರುವುದರಿಂದ ಮೈಮೇಲೆ ಬೀಳುವಾಗ ನೀರು ಕಡಿಮೆ ಎನಿಸುವುದಿಲ್ಲ. ಇದುವರೆಗೆ ಒಬ್ಬ ಅತಿಥಿಯೂ ದೂರು ಹೇಳಿಲ್ಲ. ಹೋಂಸ್ಟೇ, ಲಾಡ್ಜ್ ನಡೆಸುವವರು ಮೊದಲು ಮಾಡಬೇಕಾದ ಕೆಲಸ ಇದೇ ಎನ್ನುತ್ತೇನೆ.

ಎರಡನೆಯದು ಗೀಸರ್ ಸುಮ್ನೆ ಕಳೆದುಕೊಳ್ಳುವ ಬಿಸಿ. ಸ್ಟೋರೇಜ್ ಗೀಸರ್‌ನ ಸ್ಟಾರ್ ಲೇಬಲ್‌ನಲ್ಲಿ, ಯಾರೂ ನೀರು ಬಳಸದಿದ್ದರೂ 24 ಗಂಟೆಯಲ್ಲಿ ಎಷ್ಟು ಯೂನಿಟ್ ನಷ್ಟ ಎಂದು ಅಚ್ಚಾಗಿರುತ್ತದೆ. ಅಂಗಡಿಯಲ್ಲಿ ಯಾರೂ ಅದನ್ನು ತೋರಿಸುವುದಿಲ್ಲ. ನಾವೇ ಬಗ್ಗಿ ಓದಬೇಕು. ನಮ್ಮ ಹಳೆಯ 25 ಲೀಟರಿನ ಗೀಸರ್ ಒಂದೊಂದೂ ದಿನಕ್ಕೆ ಒಂದು ಯೂನಿಟ್ ಹತ್ತಿರ ಕಳೆಯುತ್ತಿತ್ತು. ನಾಲ್ಕು ರೂಮಿನದ್ದು ಸೇರಿದರೆ ಒಬ್ಬರೂ ಸ್ನಾನ ಮಾಡದೆ ತಿಂಗಳಿಗೆ 120 ಯೂನಿಟ್. ಟೈಮರ್ ಹಾಕಿಸಿದೆವು. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ನಡುವೆ ಬೇಕೆಂದರೆ ಅತಿಥಿಗಳೇ ಒತ್ತಿಕೊಳ್ಳುವ ಬಟನ್ ಇದೆ. ಥರ್ಮೋಸ್ಟಾಟ್ 70ರಿಂದ 55ಕ್ಕೆ ಇಳಿಸಿದೆವು. 50ಕ್ಕಿಂತ ಕೆಳಗೆ ಇಳಿಸಬೇಡಿ. ಉಗುರುಬೆಚ್ಚಗಿನ ನೀರು ಟ್ಯಾಂಕಿನಲ್ಲಿ ದಿನಗಟ್ಟಲೆ ನಿಂತರೆ ರೋಗಾಣು ಬೆಳೆಯುತ್ತದೆ.

ಸೋಲಾರ್ ಹಾಕಿಸಬಾರದೇ ಎಂದು ಎಲ್ಲರೂ ಕೇಳುತ್ತಾರೆ. ಹಾಕಿಸಿದ್ದೇವೆ, 200 ಲೀಟರಿನದ್ದು. ಅಕ್ಟೋಬರ್ ಕೊನೆಯಿಂದ ಮೇ ತನಕ ಅದರಂಥದ್ದು ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಸೂರ್ಯ ಕಾಣುವುದೇ ಅಪರೂಪ. ಆಗ ಸೋಲಾರ್ ಟ್ಯಾಂಕಿನೊಳಗೆ ಇರುವ ಕರೆಂಟ್ ಕಾಯಿಲ್ ಹಾಕುವವರು ಬಹಳ ಜನ. ಅದನ್ನು ಮಾಡಬೇಡಿ. ಇಬ್ಬರ ಸ್ನಾನಕ್ಕೆ ಬೇಕಾಗಿ 200 ಲೀಟರ್ ಪೂರ್ತಿ ಕಾಯುತ್ತದೆ. 20 ಡಿಗ್ರಿ ಏರಿಸಲು ನಾಲ್ಕೂವರೆ ಯೂನಿಟ್ ಮೇಲೆ ಬೇಕು. ನಾವು ಪ್ಲಂಬರ್‌ಗೆ ಹೇಳಿ ಸೋಲಾರ್‌ನಿಂದ ಬರುವ ಪೈಪನ್ನು ಬಚ್ಚಲಿನ ಸಣ್ಣ ಗೀಸರ್‌ಗೆ ಕೊಡಿಸಿದೆವು. ಸೋಲಾರ್ ನೀರು 30 ಡಿಗ್ರಿ ಬಂದರೆ ಗೀಸರ್ ಉಳಿದ ಸ್ವಲ್ಪವನ್ನು ಮಾತ್ರ ಕಾಯಿಸುತ್ತದೆ. ಮೋಡ ಕವಿದ ದಿನವೂ ಸೋಲಾರ್ ವ್ಯರ್ಥವಾಗುವುದಿಲ್ಲ. ಆದರೆ ಸೋಲಾರ್ ನೀರು ಕುದಿಯುವಷ್ಟು ಬಿಸಿ ಬರಬಹುದು. ಹಾಗಾಗಿ ಆ ಬಿಸಿ, ಒತ್ತಡ ತಡೆಯುವ ಗೀಸರ್ ಬೇಕು, ಬೇಸಿಗೆಯಲ್ಲಿ ಗೀಸರ್ ಬಿಟ್ಟು ನೇರ ಹೋಗುವ ವಾಲ್ವ್ ಬೇಕು. ಇದನ್ನು ತಿಳಿದವರಿಂದಲೇ ಮಾಡಿಸಿ.

ಮಳೆಗಾಲಕ್ಕೆ ನಮ್ಮದು ಸೌದೆ. ತೋಟ ಇರುವವರಿಗೆ ನೆರಳಿನ ಮರದ ಕೊಂಬೆ, ಕಿತ್ತ ಕಾಫಿ ಗಿಡದ ಬುಡ ಹೇಗೂ ಇರುತ್ತದೆ. ಅಮ್ಮ ಇವತ್ತಿಗೂ ಹಂಡೆ ನೀರೇ ಬೇಕು ಎನ್ನುತ್ತಾರೆ. ಹೋಂಸ್ಟೇಗೆ ಹೊರಗೆ ಒಂದು ಸೌದೆ ಬಾಯ್ಲರ್ ಕೂರಿಸಿ, ನಾಲ್ಕೂ ರೂಮಿಗೆ ಪೈಪ್ ಎಳೆದಿದ್ದೇವೆ. ಪೈಪ್‌ಗೆ ಕಪ್ಪು ಫೋಮ್ ಸುತ್ತಿಸಿದ್ದೇವೆ. ಸೌದೆ ಒಂದು ವರ್ಷ ಮಾಡಿನ ಕೆಳಗೆ ಒಣಗಿರಬೇಕು. ಹಸಿ ಸೌದೆ ಉರಿಸಿದರೆ ಸಾಕಷ್ಟು ಬಿಸಿ ಅದರ ನೀರು ಆರಿಸಲಿಕ್ಕೇ ಹೋಗುತ್ತದೆ, ಹೊಗೆಯೂ ವಿಪರೀತ. ಒಲೆ ಮನೆಯೊಳಗೆ ಬೇಡ.

ತೇವದ ವಿಷಯ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಜುಲೈ ಬಂತೆಂದರೆ ಚಪ್ಪಲಿ, ಬೆಲ್ಟು, ರೇಷ್ಮೆ ಸೀರೆ ಎಲ್ಲದಕ್ಕೂ ಬೂಷ್ಟು. ಬೀರುವಿನಲ್ಲಿ 40 ವ್ಯಾಟ್ ಬಲ್ಬ್ ಉರಿಸಿ ಇಡುವ ಪದ್ಧತಿ ನಮ್ಮಲ್ಲಿ ಹಳೆಯದು. ದಿನಪೂರ್ತಿ ಉರಿದರೆ ಅದೊಂದೇ ಹೆಚ್ಚೂಕಡಿಮೆ ಒಂದು ಯೂನಿಟ್. ಎರಡು ಬೀರು, ನಾಲ್ಕು ತಿಂಗಳು, ಲೆಕ್ಕ ಹಾಕಿ ನೋಡಿ. ಇಲ್ಲಿ ಎಲ್‌ಇಡಿ ಹಾಕಿದರೆ ಪ್ರಯೋಜನ ಇಲ್ಲ, ನಮಗೆ ಬೇಕಾದದ್ದು ಬೆಳಕಲ್ಲ, ಬಿಸಿ. ನಾನು ಹಳೆ ಕಾಲದ ಝೀರೋ ಬಲ್ಬ್ ಹಾಕಿದೆ. ಹೆಸರು ಝೀರೋ ಆದರೂ ಅದು 15 ವ್ಯಾಟ್‌ನಷ್ಟು ತಿನ್ನುತ್ತದೆ. ಬಟ್ಟೆಗೆ ತಾಗದ ಹಾಗೆ ಜಾಲರಿಯೊಳಗೆ ಇಟ್ಟು, ಟೈಮರ್‌ನಲ್ಲಿ ದಿನಕ್ಕೆ ಆರು ಗಂಟೆ. ಬೀರು ಗೋಡೆಯಿಂದ ನಾಲ್ಕು ಬೆರಳು ಮುಂದೆ ಸರಿಸಿದ್ದು ಅದಕ್ಕಿಂತ ಹೆಚ್ಚು ಉಪಕಾರ ಮಾಡಿತು. ಒದ್ದೆ ಗೋಡೆಗೆ ತಾಗಿದ ಬೀರುವಿನ ಬೆನ್ನಲ್ಲೇ ಬೂಷ್ಟು ಶುರುವಾಗುವುದು.

ಮಳೆಗಾಲದ ಅತಿಥಿಗಳಿಗೆ ಚಳಿ. ರೂಮ್ ಹೀಟರ್ ಕೇಳುತ್ತಾರೆ. 2000 ವ್ಯಾಟ್ ಹೀಟರ್ ರಾತ್ರಿ ಎಂಟು ಗಂಟೆ ನಡೆದರೆ 16 ಯೂನಿಟ್. ಹೆಂಚಿನ ಮಾಡಿನ ರೂಮಿನಲ್ಲಿ ಆ ಬಿಸಿ ಸಂದಿಯಲ್ಲಿ ಹೊರಗೇ ಹೋಗುತ್ತದೆ. ನಾವು ಮರದ ಸೀಲಿಂಗ್ ಹೊಡೆಸಿದೆವು, ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿದೆವು. ಹೀಟರ್ ಬದಲು ಹಾಸಿಗೆ ಮೇಲೆ ಹಾಸುವ ಕರೆಂಟ್ ಬ್ಲಾಂಕೆಟ್ ಕೊಡುತ್ತೇವೆ. ಇಬ್ಬರ ಹಾಸಿಗೆಯದ್ದು 150 ವ್ಯಾಟ್ ಒಳಗೆ. ಮಲಗುವ ಅರ್ಧ ಗಂಟೆ ಮೊದಲು ಹಾಕಿ, ಮಲಗಿದ ಮೇಲೆ ಆಫ್ ಮಾಡಿದರೆ ಸಾಕು. ರೂಮು ಪೂರ್ತಿ ಕಾಯಿಸುವುದಕ್ಕಿಂತ ಮಲಗುವವರನ್ನು ಬೆಚ್ಚಗಿಡುವುದು ಎಷ್ಟೋ ಅಗ್ಗ. ಪುಟ್ಟ ಮಕ್ಕಳಿರುವ ರೂಮಿಗೆ ಮಾತ್ರ ಅದನ್ನು ಕೊಡುವುದಿಲ್ಲ, ಕಂಬಳಿ, ಬಿಸಿನೀರಿನ ಚೀಲ ಕೊಡುತ್ತೇವೆ.

ಪಂಪಿನ ಬಗ್ಗೆ ಒಂದೇ ಮಾತು. ಗದ್ದೆ ಬದಿಯ ಬಾವಿಯಿಂದ ಮನೆ ಟ್ಯಾಂಕಿಗೆ ಒಂದಿಂಚಿನ ಪೈಪ್ ಇತ್ತು. ಒಂದೂವರೆ ಇಂಚಿಗೆ ಬದಲಾಯಿಸಿ, ಚೂಪು ಎಲ್ಬೋಗಳನ್ನು ತೆಗೆಸಿ, ಸೋರುತ್ತಿದ್ದ ಫುಟ್‌ವಾಲ್ವ್ ಹೊಸದು ಹಾಕಿಸಿದೆವು. ಅದೇ ಮೋಟರ್‌ನಲ್ಲಿ ಟ್ಯಾಂಕ್ ಮೊದಲಿಗಿಂತ ಎಷ್ಟೋ ಬೇಗ ತುಂಬುತ್ತದೆ. ಸಣ್ಣ ಪೈಪ್‌ನಲ್ಲಿ ನೀರು ಉಜ್ಜಿಕೊಂಡು ಹೋಗುವುದಕ್ಕೇ ಮೋಟರ್‌ನ ಶಕ್ತಿ ಹೋಗುತ್ತಿರುತ್ತದೆ. ಹೊಸ ಮೋಟರ್ ಕೊಳ್ಳುವ ಮೊದಲು ಪೈಪ್ ನೋಡಿ.

ಗೃಹಜ್ಯೋತಿ ಬಂದ ಮೇಲೆ ಮನೆಯ ಕರೆಂಟು ಫ್ರೀ, ಇದೆಲ್ಲ ಯಾಕೆ ಎಂದು ಪಕ್ಕದ ತೋಟದ ಅಣ್ಣ ಕೇಳಿದರು. ನಮ್ಮಂಥ ಮನೆಗೆ ಫ್ರೀ ಇರುವುದು 2022-23ರ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಸೇರಿಸಿದಷ್ಟಕ್ಕೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಮಳೆಗಾಲದಲ್ಲಿ ದಾಟುವುದು ಸುಲಭ. ನಾವು ಈಗ ದಾಟುವುದಿಲ್ಲ. ಇನ್ನೊಂದು ಲಾಭವೂ ಇದೆ. ಮರ ಬಿದ್ದು ಲೈನ್ ಹೋದರೆ ದಿನಗಟ್ಟಲೆ ಕರೆಂಟು ಇರುವುದಿಲ್ಲ. ಎಲ್ಲ ದೀಪ 9 ವ್ಯಾಟ್ ಎಲ್‌ಇಡಿ ಆದ ಮೇಲೆ ಇನ್ವರ್ಟರ್‌ನ ಅದೇ ಹಳೆ ಬ್ಯಾಟರಿ ರಾತ್ರಿ ಪೂರ್ತಿ ಬರುತ್ತದೆ.

ಹೋಂಸ್ಟೇ ಮೀಟರ್ ಕಮರ್ಷಿಯಲ್. ಅಲ್ಲಿ ಯೂನಿಟ್ ಇಳಿದರೂ ಮಂಜೂರಾದ ಲೋಡ್‌ಗೆ (ಅಂದರೆ ಒಂದೇ ಸಲಕ್ಕೆ ಎಷ್ಟು ಕರೆಂಟು ಎಳೆಯಬಹುದು ಎಂಬ ಮಿತಿಗೆ) ತಕ್ಕ ನಿಗದಿತ ಶುಲ್ಕ ಹಾಗೇ ಬರುತ್ತದೆ. ಬಾಯ್ಲರ್ ಬಂದ ಮೇಲೆ ಎರಡು ಗೀಸರ್ ತೆಗೆಸಿದ್ದೇನೆ, ಉಳಿದೆರಡು ಒಟ್ಟಿಗೆ ನಡೆಯದ ಹಾಗೆ ಟೈಮರ್ ಇದೆ. ಲೋಡ್ ಕಡಿಮೆ ಮಾಡಿಸಲು ಅರ್ಜಿ ಬರೆದಿಟ್ಟಿದ್ದೇನೆ. ಆದರೆ ಮುಂದೆ ಹೀಟ್ ಪಂಪ್ ಹಾಕಿಸುವ ಯೋಚನೆ ಇದೆ. ಗಾಳಿಯ ಬಿಸಿಯನ್ನೇ ಎಳೆದುಕೊಂಡು ನೀರು ಕಾಯಿಸುವುದರಿಂದ ಅದಕ್ಕೆ ಗೀಸರ್‌ನ ಮೂರನೇ ಒಂದು ಪಾಲು ಕರೆಂಟು ಸಾಕು. ಬೆಲೆ ಜಾಸ್ತಿ, ಚಳಿ ಹೆಚ್ಚಿದಂತೆ ಲಾಭ ಸ್ವಲ್ಪ ಇಳಿಯುತ್ತದೆ. ಅದಕ್ಕೆ ಎಷ್ಟು ಲೋಡ್ ಬೇಕು ಎಂದು ಕೇಳಿಕೊಂಡ ಮೇಲೆಯೇ ಅರ್ಜಿ ಕೊಡುತ್ತೇನೆ.