ಡಿ2 ಸೆಲ್ ಲೈನ್ ಮಾಡುವಾಗ ಯಾವ ಕ್ಲೋನ್ ಉಳಿಸಿಕೊಳ್ಳಬೇಕು? ನನ್ನ ಅನುಭವ

ಮಿದುಳಿನ ಸಂದೇಶವಾಹಕ ಡೋಪಮಿನ್ ಬಂದು ಕೂರುವ ಪ್ರೋಟೀನುಗಳೇ ಅದರ ರಿಸೆಪ್ಟರ್‌ಗಳು, ಅವುಗಳಲ್ಲಿ ಒಂದು ಡಿ2. ಅದನ್ನು ಹೊತ್ತು ಲ್ಯಾಬಿನಲ್ಲಿ ಬೆಳೆಯುತ್ತಾ ಹೋಗುವ ಕೋಶಗಳು ಡಿ2 ಸೆಲ್ ಲೈನ್. ಇಂಥ ಸೆಲ್ ಲೈನ್ ಅಂದರೆ ಕೋಶದೊಳಗೆ ರಿಸೆಪ್ಟರಿನ ಜೀನ್ ಹಾಕಿದರೆ ಕೆಲಸ ಮುಗೀತು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಆದರೆ ಅದೇ ಸುಲಭದ ಭಾಗ. ಕಷ್ಟ ಇರುವುದು ಕ್ಲೋನ್, ಅಂದರೆ ಒಂದೇ ಕೋಶದಿಂದ ಬೆಳೆದ ಗುಂಪು, ಆರಿಸುವುದರಲ್ಲಿ. ಕ್ಲೋನ್ ಬದಲಾದರೆ ಅದೇ ಔಷಧಕ್ಕೆ ಬೇರೆಯೇ ಉತ್ತರ ಬರುತ್ತದೆ.

ಹಿಂದೆ ಕರುವಿನ ಮಿದುಳಿನ ತುಣುಕು ಅರೆದು ಔಷಧ ರಿಸೆಪ್ಟರಿಗೆ ಹೇಗೆ ತಾಗುತ್ತದೆ ಅಂತ ಪರೀಕ್ಷಿಸುತ್ತಿದ್ದರು. ಅದರಲ್ಲಿ ಎಲ್ಲ ರಿಸೆಪ್ಟರ್‌ಗಳೂ ಕಲಸಿಕೊಂಡಿರುತ್ತವೆ. 1988ರಲ್ಲಿ ಡಿ2 ಜೀನ್ ಸಿಕ್ಕ ಮೇಲೆ ಒಂದೇ ರಿಸೆಪ್ಟರ್ ಇಟ್ಟುಕೊಂಡು ನೋಡುವುದು ಸಾಧ್ಯವಾಯಿತು.

ಜೀನ್ ಹಾಕಲು ನಾನು ಸಿಎಚ್‌ಒ-ಕೆ1 (ಹ್ಯಾಮ್‌ಸ್ಟರ್ ಅಂಡಾಶಯದ) ಕೋಶಗಳನ್ನು ಆರಿಸಿದೆ. ಮನುಷ್ಯರ ಮೂತ್ರಪಿಂಡದಿಂದ ಬಂದ ಎಚ್‌ಇಕೆ293 ಬೇಗ ಬೆಳೆಯುತ್ತದೆ, ಡಿಎನ್‌ಎಯನ್ನೂ ಚೆನ್ನಾಗಿ ತೆಗೆದುಕೊಳ್ಳುತ್ತದೆ, ಆದರೆ ಅದರಲ್ಲಿ ಮೊದಲಿಂದಲೇ ಬೀಟಾ ಅಡ್ರಿನರ್ಜಿಕ್ (ಅಡ್ರಿನಲಿನ್ ತಾಗುವ) ರಿಸೆಪ್ಟರ್ ಇದೆ, ಡೋಪಮಿನ್ ಪ್ರಮಾಣ ಜಾಸ್ತಿಯಾದಾಗ ಅದಕ್ಕೂ ತಾಗಿ ಸೈಕ್ಲಿಕ್ ಎಎಂಪಿ, ಅಂದರೆ ಕೋಶದೊಳಗೆ ಸಂಕೇತ ಸಾಗಿಸುವ ಅಣು, ಏರಿಸಬಹುದು. ಡಿ2 ಮಾಡುವುದು ಅದರ ಉಲ್ಟಾ, ಅಲ್ವಾ? ಇಳಿಸುತ್ತದೆ. ಸಿಎಚ್‌ಒದಲ್ಲೂ ಅದರದೇ ಸಿರೊಟೋನಿನ್ 1ಬಿ ರಿಸೆಪ್ಟರ್ ಇದೆ. ಅದಕ್ಕೇ ಜೀನ್ ಹಾಕದ ಖಾಲಿ ಕೋಶಗಳನ್ನೂ ಪ್ರತಿ ಸಲ ಪಕ್ಕದಲ್ಲೇ ಪರೀಕ್ಷಿಸಲೇಬೇಕು.

ಮನುಷ್ಯರ ಡಿ2ರ ಉದ್ದನೆಯ ರೂಪವನ್ನು, ಅಂದರೆ ಚಿಕ್ಕದಕ್ಕಿಂತ 29 ಅಮೈನೋ ಆಮ್ಲ ಜಾಸ್ತಿ ಇರುವುದನ್ನು, ಪ್ಲಾಸ್ಮಿಡ್ ಅನ್ನುವ ಡಿಎನ್‌ಎ ಉಂಗುರದಲ್ಲಿಟ್ಟು ಕೋಶಗಳಿಗೆ ಹಾಕಿದೆ. ಜೀನ್ ಸೇರದ ಕೋಶಗಳನ್ನು ಕೊಲ್ಲಲು ಜಿ418 ಅನ್ನುವ ಆ್ಯಂಟಿಬಯೋಟಿಕ್; ಅದನ್ನು ತಾಳಿಕೊಳ್ಳುವ ಜೀನೂ ಪ್ಲಾಸ್ಮಿಡ್‌ನಲ್ಲಿರುತ್ತದೆ. ಎಷ್ಟು ಜಿ418 ಬೇಕು ಅಂತ ಮೊದಲು ಖಾಲಿ ಕೋಶಗಳ ಮೇಲೆ ನೋಡಿಕೊಂಡೆ. ಬದುಕುಳಿದವನ್ನು 96 ಗುಂಡಿಯ ಪ್ಲೇಟಿಗೆ ತೀರಾ ತೆಳ್ಳಗೆ ಹಂಚಿ, ಒಂದೇ ಗುಂಪು ಬೆಳೆದ ಗುಂಡಿಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಗುರುತು ಹಾಕಿದೆ. ಡಿ2ಕ್ಕೆ ಅಂಟುವ ಮೀಥೈಲ್‌ಸ್ಪೈಪೆರೋನ್‌ಗೆ ವಿಕಿರಣ ಸೂಸುವ ಟ್ರೀಟಿಯಂ ಸೇರಿಸಿ, ಅದು ಎಷ್ಟು ಅಂಟಿಕೊಳ್ಳುತ್ತದೆ ಅಂತ ಅಳೆದಾಗ ಯಾವ ಕ್ಲೋನಿನಲ್ಲಿ ಎಷ್ಟು ರಿಸೆಪ್ಟರ್ ಇದೆ ಅನ್ನುವುದು ತಿಳಿಯಿತು.

ಆಮೇಲೆ ನಿಜವಾದ ಕೆಲಸ. ಫೋರ್ಸ್ಕೋಲಿನ್ ಹಾಕಿ ಸೈಕ್ಲಿಕ್ ಎಎಂಪಿ ಏರಿಸಬೇಕು, ಡೋಪಮಿನ್ ಅದನ್ನು ಎಷ್ಟು ಇಳಿಸುತ್ತದೆ ನೋಡಬೇಕು. ಫೋರ್ಸ್ಕೋಲಿನ್ ಪೂರ್ತಿ ಹಾಕಬೇಡಿ, ಗರಿಷ್ಠ ಏರಿಕೆಯ ಸುಮಾರು 80% ಕೊಡುವಷ್ಟು ಸಾಕು, ಇಲ್ಲದಿದ್ದರೆ ಇಳಿಕೆ ಸರಿಯಾಗಿ ಕಾಣುವುದಿಲ್ಲ. ಡೋಪಮಿನ್ ಗಾಳಿ, ಬೆಳಕಿಗೆ ಬೇಗ ಕೆಡುತ್ತದೆ. ಆಸ್ಕಾರ್ಬಿಕ್ ಆಮ್ಲ ಸೇರಿಸಿ ಬೇಕಾದಾಗಲೇ ಹೊಸದಾಗಿ ತಯಾರಿಸಿ. ಬಣ್ಣ ತಿರುಗಿದ್ದನ್ನು ಚೆಲ್ಲಿಬಿಡಿ.

ರಿಸೆಪ್ಟರ್ ಅತಿ ಜಾಸ್ತಿ ಇದ್ದ ಕ್ಲೋನಿನಲ್ಲಿ, ಔಷಧದ ಯಾವ ಪ್ರಮಾಣಕ್ಕೆ ಎಷ್ಟು ಇಳಿಕೆ ಅಂತ ತೋರಿಸುವ ಗ್ರಾಫ್ ನೋಡಲು ತುಂಬಾ ಚೆಂದ ಬರುತ್ತದೆ. ಅದನ್ನೇ ಇಟ್ಟುಕೊಳ್ಳೋಣ ಅಂತ ಎಲ್ಲರಿಗೂ ಅನಿಸುತ್ತದೆ. ನಾನು ಅದಕ್ಕೂ ಮೊದಲು ಎಲ್ಲ ಕ್ಲೋನ್‌ಗಳ ಮೇಲೂ ಅರಿಪಿಪ್ರಜೋಲ್ ಹಾಕಿ ನೋಡಿದೆ. 2002ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸ್ಕಿಜೋಫ್ರೇನಿಯಾ ಔಷಧ ಅದು. ಡಿ2ವನ್ನು ಪೂರ್ತಿ ಮುಚ್ಚುವುದೂ ಇಲ್ಲ, ಪೂರ್ತಿ ಎಬ್ಬಿಸುವುದೂ ಇಲ್ಲ. ರಿಸೆಪ್ಟರ್ ತುಂಬಿದ ಕ್ಲೋನಿನಲ್ಲಿ ಅದು ಡೋಪಮಿನ್‌ನ ಹತ್ತಿರ ಹತ್ತಿರ ಕೆಲಸ ಮಾಡಿತು. ತೀರಾ ಕಮ್ಮಿ ಇದ್ದದ್ದರಲ್ಲಿ ಸುಮ್ನೆ ಕೂತುಬಿಟ್ಟಿತು, ಡಿ2ವನ್ನು ಮುಚ್ಚಿಬಿಡುವ ಹಳೆಯ ಔಷಧ ಹ್ಯಾಲೊಪೆರಿಡಾಲ್ ತರಹ. ಹತ್ತು ಜನ ಎತ್ತಬಹುದಾದ ಕಲ್ಲಿಗೆ ನೂರು ಜನ ಕೈ ಹಾಕಿದರೆ ಒಬ್ಬೊಬ್ಬನ ಬಲ ಕಮ್ಮಿ ಇದ್ದರೂ ಕಲ್ಲು ಏಳುತ್ತದೆ, ಹಾಗೆ.

ಇದನ್ನು ಖಚಿತ ಮಾಡಿಕೊಳ್ಳಲು ಇಇಡಿಕ್ಯೂ ಅನ್ನುವ ರಾಸಾಯನಿಕ ಹಾಕಿ ಒಂದಷ್ಟು ರಿಸೆಪ್ಟರ್‌ಗಳನ್ನು ಕೆಲಸಕ್ಕೆ ಬಾರದಂತೆ ಮಾಡಿದೆ. ಡೋಪಮಿನ್‌ನ ಗ್ರಾಫ್ ಮೊದಲು ಬಲಕ್ಕೆ ಸರಿಯಿತು, ಅಂದರೆ ಅಷ್ಟೇ ಕೆಲಸಕ್ಕೆ ಜಾಸ್ತಿ ಡೋಪಮಿನ್ ಬೇಕಾಯಿತು, ಎತ್ತರ ಹೆಚ್ಚೇನೂ ಕುಗ್ಗಲಿಲ್ಲ. ಅರಿಪಿಪ್ರಜೋಲ್‌ನ ಎತ್ತರ ಮಾತ್ರ ತಕ್ಷಣ ಬಿತ್ತು. ಈ ಎರಡು ಗ್ರಾಫ್ ಪಕ್ಕಪಕ್ಕ ನೋಡುವ ಖುಷಿಯೇ ಬೇರೆ!

ಹಾಗಾಗಿ ನಾನು ಉಳಿಸಿಕೊಂಡದ್ದು ಮಧ್ಯದ ಕ್ಲೋನ್. ಗ್ರಾಫ್ ಅಷ್ಟೇನೂ ದೊಡ್ಡದಲ್ಲ, ಆದರೆ ಡೋಪಮಿನ್, ಅರಿಪಿಪ್ರಜೋಲ್, ಹ್ಯಾಲೊಪೆರಿಡಾಲ್ ಮೂರೂ ಬೇರೆ ಬೇರೆಯಾಗಿ ಕಾಣುತ್ತವೆ. ಹೊಸ ಔಷಧ ಈ ಮೂರರಲ್ಲಿ ಯಾವುದರ ಹತ್ತಿರ ಇದೆ ಅಂತ ಹೇಳುವುದೇ ನಮ್ಮ ಕೆಲಸ. ರೋಗಿಯ ಮಟ್ಟಿಗೆ ಅದು ಸಣ್ಣ ವ್ಯತ್ಯಾಸ ಅಲ್ಲ. ನಾಯಿಕೆಮ್ಮಿನ ಬ್ಯಾಕ್ಟೀರಿಯಾದ ವಿಷ ಪರ್ಟುಸಿಸ್ ಟಾಕ್ಸಿನ್ ಹಾಕಿ ರಾತ್ರಿಯಿಡೀ ಬಿಟ್ಟಾಗ ಡೋಪಮಿನ್‌ನ ಪರಿಣಾಮ ಹೋಯಿತು. ಆ ವಿಷ ತಡೆಯುವುದು ರಿಸೆಪ್ಟರಿನ ಸಂಕೇತವನ್ನು ಒಳಗೆ ದಾಟಿಸುವ ಜಿಐ ಗುಂಪಿನ ಪ್ರೋಟೀನುಗಳನ್ನು. ಅಂದರೆ ಸಂಕೇತ ಅವುಗಳ ಮೂಲಕವೇ ಬರುತ್ತಿದೆ.

ಆರಿಸಿದ ಮೇಲೆ ಆದಷ್ಟು ಬೇಗ, ಜಾಸ್ತಿ ವಯಲ್‌ಗಳನ್ನು ದ್ರವ ಸಾರಜನಕದಲ್ಲಿ ಇಟ್ಟುಬಿಡಿ. ಕೋಶಗಳನ್ನು ಬೆಳೆಸುತ್ತಾ ಹೋದಂತೆ ರಿಸೆಪ್ಟರ್ ಪ್ರಮಾಣ ಬದಲಾಗಬಹುದು. ಕೋಶಗಳಿಗೆ ಕಾಣದಂತೆ ಸೇರಿಕೊಳ್ಳುವ ಬ್ಯಾಕ್ಟೀರಿಯಾ ಮೈಕೋಪ್ಲಾಸ್ಮಾದ ಪರೀಕ್ಷೆ ತಪ್ಪಿಸಬೇಡಿ. ಪ್ರತಿ ಪ್ಲೇಟಿನಲ್ಲೂ ಡೋಪಮಿನ್ ಜೊತೆ ಅರಿಪಿಪ್ರಜೋಲ್‌ಗೂ ಒಂದು ಸಾಲು ಇಡಿ. ಡೋಪಮಿನ್‌ಗೆ ಹೋಲಿಸಿದಾಗ ಅದರ ಎತ್ತರ ಏರುತ್ತಲೋ ಇಳಿಯುತ್ತಲೋ ಹೋದರೆ ಆ ಕೋಶಗಳನ್ನು ಬಿಟ್ಟು ಹೊಸ ವಯಲ್ ತೆಗೆಯಿರಿ.